ಸೀಮೆ: ಅಂಚೂ ಹೌದು, ನಾಡೂ ಹೌದು

ಸಂಸ್ಕೃತದ ‘ಸೀಮನ್’ ಎಂದರೆ ಗಡಿ, ಬೈತಲೆ ಎಂದೂ ಅರ್ಥ. ಕೂದಲನ್ನು ಎರಡು ಪಾಲು ಮಾಡುವ ಆ ಗೆರೆಯಿಂದಲೇ ಗರ್ಭಿಣಿಯ ಸೀಮಂತಕ್ಕೆ ಹೆಸರು ಬಂದದ್ದು. ಜಮೀನು ಪತ್ರದ ಚತುಸ್ಸೀಮೆಯಲ್ಲಿ, ದಸರೆಯ ಸೀಮೋಲ್ಲಂಘನದಲ್ಲಿ ಸೀಮೆ ಇನ್ನೂ ಅಂಚೇ. ಬಯಲುಸೀಮೆ ಅನ್ನುವಾಗ ಮಾತ್ರ ಅಂಚಿನೊಳಗಿನ ನೆಲವೆಲ್ಲ ಸೀಮೆ. ಪರನಾಡಿನದು ಎಂಬ ಅರ್ಥವೂ ಸೇರಿ ಮೈಸೂರು ಕಡೆ ಸೀಮೆಎಣ್ಣೆ ಬಂತು. ಧಾರವಾಡದ ಕಡೆ ಅದು ಚಿಮಣಿ ಎಣ್ಣೆ.

ಗರಿಷ್ಠ, ಕನಿಷ್ಠ ಹುಡುಕುವ ಗಣಿತಕ್ಕೆ ಅಂಚೂ ಒಳನೆಲವೂ ಕೂಡಿದ ಸೀಮೆಯೇ ಬೇಕು. ಎರಡು ಚರಗಳ ಫಲನವೊಂದು ಎಲ್ಲೂ ತುಂಡಾಗದೆ ಸಾಗಿದ್ದರೆ, ಪ್ರದೇಶ ಪರಿಮಿತವಾಗಿದ್ದು ತನ್ನ ಅಂಚನ್ನೂ ಒಳಗೊಂಡಿದ್ದರೆ, ಅಲ್ಲಿ ಗರಿಷ್ಠವೂ ಕನಿಷ್ಠವೂ ಇದ್ದೇ ಇರುತ್ತವೆ. ಪ್ರದೇಶ ನಿಸ್ಸೀಮವಾದರೆ ಆ ಭರವಸೆಯಿಲ್ಲ. ಮಾತಿನಲ್ಲಿ ನಿಸ್ಸೀಮನೆಂದರೆ ಪರಿಣತ. ಗಣಿತದಲ್ಲಿ ಮೇರೆಯಿಲ್ಲದ್ದು ಎಂಬ ಮೂಲಾರ್ಥವೇ ನಿಲ್ಲುತ್ತದೆ.

ನೆಲದ ಎತ್ತರವನ್ನೇ ಫಲನವೆನ್ನೋಣ. 1858ರಲ್ಲಿ ಬಾಬಾಸಾಹೇಬ ಭಾವೆ ಬ್ರಿಟಿಷರ ವಿರುದ್ಧ ಎದ್ದ ನರಗುಂದದ ಕೋಟೆಗುಡ್ಡ ಎರೆಬಯಲಿನ ನಡುವೆ ನಿಂತಿದೆ. ಅದರ ನೆತ್ತಿಯಲ್ಲಿ ಎಲ್ಲ ದಿಕ್ಕಿಗೂ ಇಳಿಜಾರು ಸೊನ್ನೆ. ನೆಲ ನಯವಾಗಿದ್ದರೆ ಒಳನೆಲದಲ್ಲಿ ಹುಡುಕಬೇಕಾದದ್ದು ಇಂಥ ಜಾಗಗಳನ್ನೇ. ಆದರೆ ಸೊನ್ನೆ ಕಂಡಲ್ಲೆಲ್ಲ ಶಿಖರವಿರುವುದಿಲ್ಲ: ಎರಡು ಗುಡ್ಡಗಳ ನಡುವಿನ ಕಣಿವೆದಾರಿಯಲ್ಲೂ ಇಳಿಜಾರು ಒಂದು ಕ್ಷಣ ಸೊನ್ನೆಯಾಗುತ್ತದೆ, ಅದು ಗರಿಷ್ಠವೂ ಅಲ್ಲ, ಕನಿಷ್ಠವೂ ಅಲ್ಲ.

ಪಕ್ಕದ ರೋಣ ತಾಲ್ಲೂಕಿನ ತಗ್ಗು ಬೇರೆ ಬಗೆಯದು. ಮಲಪ್ರಭೆ ಹೊಳೆಆಲೂರಿನ ಬದಿಯಲ್ಲಿ, ತಾಲ್ಲೂಕಿನ ಉತ್ತರದಂಚಿನಲ್ಲಿ ಹರಿಯುತ್ತದೆ. ಅದು ತಾಲ್ಲೂಕು ದಾಟುವ ಜಾಗವೇ ಕನಿಷ್ಠ. ಅಲ್ಲಿ ಇಳಿಜಾರು ಸೊನ್ನೆಯಲ್ಲ. ನೀರು ಇನ್ನೂ ಇಳಿಯುತ್ತ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಸೀಮೆ ಮುಗಿಯಿತೆಂಬ ಒಂದೇ ಕಾರಣಕ್ಕೆ ಅದು ಕನಿಷ್ಠ. ಒಳಗೆ ಸೊನ್ನೆ ಹುಡುಕಿ ಲೆಕ್ಕ ಮುಗಿಸುವ ವಿದ್ಯಾರ್ಥಿಯ ಕೈತಪ್ಪುವುದು ಇಂಥದ್ದೇ. ಅಂಚನ್ನು ಬೇರೆಯಾಗಿ ನಡೆದು ನೋಡಬೇಕು, ಮೂಲೆಗಳನ್ನೂ ಬಿಡಬಾರದು, ಆಮೇಲೆ ಸಿಕ್ಕ ಬೆಲೆಗಳನ್ನೆಲ್ಲ ಹೋಲಿಸಬೇಕು. ನನಗೆ ಈ ವಿಧಾನದ ಜೀವಾಳವೇ ಈ ಅಂಚಿನ ನಡಿಗೆ ಅನ್ನಿಸುತ್ತದೆ.

ಅಂಚು ಸರಿದರೆ ಉತ್ತರವೂ ಬದಲಾಗಬಹುದು. 2017ರ ಬಜೆಟ್ಟಿನಲ್ಲಿ ಘೋಷಣೆಯಾದ ಹೊಸ ತಾಲ್ಲೂಕುಗಳಲ್ಲಿ ಗಜೇಂದ್ರಗಡವೂ ಒಂದು. ಅದು ರೋಣದಿಂದ ಬೇರ್ಪಟ್ಟಾಗ ಗಜೇಂದ್ರಗಡ ಕೋಟೆಯ ಗುಡ್ಡ, ಕಾಲಕಾಲೇಶ್ವರನ ಬೆಟ್ಟ ಹೊಸ ತಾಲ್ಲೂಕಿಗೆ ಹೋದವು. ಒಂದು ಕಲ್ಲೂ ಅಲುಗಲಿಲ್ಲ, ಆದರೂ ರೋಣದ ಗರಿಷ್ಠವನ್ನು ಹೊಸದಾಗಿ ಹುಡುಕಬೇಕಾಯಿತು. ಹೊಳೆದಂಡೆಯ ಕನಿಷ್ಠ ಮಾತ್ರ ಇದ್ದಲ್ಲೇ ಇದೆ.