ಹೊರನಾಡಿನವರು ಕಂಡ ನಮ್ಮ ಮಣ್ಣಿನ ಗೋಡೆ

ಚಿಂತಾಮಣಿ ತಾಲ್ಲೂಕಿನ ಅಂಬಾಜಿದುರ್ಗ ಹಳೆಯ ಗೆಜೆಟಿಯರ್ ಲೆಕ್ಕದಲ್ಲಿ 4,399 ಅಡಿ ಎತ್ತರದ ಬೆಟ್ಟ. ಟಿಪ್ಪು ಸುಲ್ತಾನ್ ಇಲ್ಲಿ ಕೋಟೆ ಕಟ್ಟಿಸಿದ. 1791ರಲ್ಲಿ, ಮೂರನೇ ಮೈಸೂರು ಯುದ್ಧದ ಹೊತ್ತಿನಲ್ಲಿ, ಅದು ಬ್ರಿಟಿಷರ ಕೈಸೇರಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ನಂದಿದುರ್ಗವೂ ಬಿತ್ತು.

ಆ ಯುದ್ಧದಲ್ಲಿ ಇಲ್ಲಿಗೆ ಬಂದ ಹೊರದೇಶದವರು ಸೈನಿಕರು. ಗೋಡೆ ಎಷ್ಟು ದಪ್ಪ, ಯಾವ ಕಡೆಯಿಂದ ಹತ್ತಬಹುದು, ಎಲ್ಲಿ ಒಡೆಯಬಹುದು ಎಂಬುದೇ ಅವರ ಚಿಂತೆ. ಬೆಟ್ಟದ ಕೆಳಗಿನ ಊರಿನ ಮನೆಗಳು ಅವರಿಗೆ ಮುಖ್ಯವಾಗಿರಲಿಲ್ಲ.

ಮನೆ, ಹೊಲ, ಕಸುಬು ನೋಡುವುದಕ್ಕೆಂದೇ ಒಬ್ಬ ಬಂದದ್ದು 1800ರಲ್ಲಿ. ಹೆಸರು ಫ್ರಾನ್ಸಿಸ್ ಬುಕಾನನ್, ಸ್ಕಾಟ್ಲೆಂಡಿನ ವೈದ್ಯ. ಟಿಪ್ಪು ಮಡಿದ ಮರುವರ್ಷ ಗವರ್ನರ್ ಜನರಲ್ ವೆಲ್ಲೆಸ್ಲಿ ಈತನನ್ನು ಮೈಸೂರು, ಕೆನರಾ, ಮಲಬಾರ್ ಸುತ್ತಲು ಕಳಿಸಿದ. ಮದರಾಸಿನಿಂದ ಹೊರಟ ಬುಕಾನನ್ ಬೆಂಗಳೂರು, ಶ್ರೀರಂಗಪಟ್ಟಣ ನೋಡಿಕೊಂಡು ಕೋಲಾರ, ಶಿಡ್ಲಘಟ್ಟ, ಚಿಕ್ಕಬಳ್ಳಾಪುರದ ಕಡೆಗೂ ಬಂದ. ಚಿಕ್ಕಬಳ್ಳಾಪುರದಲ್ಲಿ ಸಕ್ಕರೆ ಮಾಡುವ ಬಗೆಯನ್ನು ಬರೆದುಕೊಂಡ. ಆತನ ಪ್ರವಾಸದ ಪುಸ್ತಕ 1807ರಲ್ಲಿ ಲಂಡನ್‌ನಲ್ಲಿ ಮೂರು ಸಂಪುಟಗಳಲ್ಲಿ ಅಚ್ಚಾಯಿತು.

ಬುಕಾನನ್ ಕಂಪನಿ ಸರ್ಕಾರದ ನೌಕರ. ಗೆದ್ದ ನಾಡಿನಿಂದ ಏನು ಸಿಗುತ್ತದೆ ಎಂದು ಲೆಕ್ಕ ಹಾಕಲು ಬಂದವನು. ಆದರೂ ಆತನ ಒಂದು ಮಾತು ನಮಗೆ ಬೇಕಾದದ್ದು. ಬೆಂಗಳೂರು ಕೋಟೆಯೊಳಗಿನ ಟಿಪ್ಪು ಅರಮನೆ ನೋಡಿ, ಇದು ಮಣ್ಣಿನಲ್ಲಿ ಕಟ್ಟಿದ್ದಾದರೂ ವೈಭವಕ್ಕೆ ಕೊರತೆಯಿಲ್ಲ ಎಂಬ ಅರ್ಥದಲ್ಲಿ ಬರೆದ. ಮೇಲಿನ ಅಂತಸ್ತಿನ ಹಜಾರಗಳು, ಬಣ್ಣ ಬಳಿದ ಕಂಬಗಳು ಆತನ ಗಮನ ಸೆಳೆದವು. ಮರದ ಕಂಬಗಳ ಆ ಅರಮನೆ ಇವತ್ತಿಗೂ ಬೆಂಗಳೂರಿನಲ್ಲಿ ನಿಂತಿದೆ. ಅಂದರೆ ಒಂದು ಕಾಲಕ್ಕೆ ಮಣ್ಣು ಬಡವರ ಮನೆಗೆ ಮಾತ್ರ ಮೀಸಲಾಗಿರಲಿಲ್ಲ, ರಾಜನ ಮನೆಗೂ ಅದೇ ಮಣ್ಣು.

ನಮ್ಮ ಕಡೆಯ ಹಳೆ ಮನೆ ಹೇಗಿತ್ತು ನೆನಪಿಸಿಕೊಳ್ಳಿ. ಮಣ್ಣನ್ನು ನೀರು ಹಾಕಿ ತುಳಿದು ಹದ ಮಾಡಿ, ಒಂದು ವರಸೆ ಗೋಡೆ ಎಬ್ಬಿಸಿ, ಅದು ಒಣಗಿದ ಮೇಲೆ ಇನ್ನೊಂದು ವರಸೆ. ಮೇಲೆ ತೊಲೆ, ಜಂತೆ, ಅದರ ಮೇಲೆ ಮಣ್ಣು ಹಾಸಿದ ಮಾಳಿಗೆ. ತೆಲುಗು ಮಾತಾಡುವವರ ಬಾಯಲ್ಲಿ ಅದೇ ಮಿದ್ದೆ. ಬಂಡೆ ಹತ್ತಿರವಿದ್ದ ಊರುಗಳಲ್ಲಿ ಕಲ್ಲು ಚಪ್ಪಡಿಯೇ ಸೂರು. ಮಣ್ಣು ಊರಿನದು, ಕಲ್ಲು ಬೆಟ್ಟದ್ದು, ಕೆಲಸ ಗೊತ್ತಿದ್ದವರೂ ಊರಿನವರೇ.

ಬುಕಾನನ್ ಬಂದುಹೋಗಿ ಸುಮಾರು 140 ವರ್ಷಗಳಾದ ಮೇಲೆ ಇನ್ನೊಬ್ಬ ಹೊರನಾಡಿನವರು ಬಂದರು. ಒಟ್ಟೊ ಕೋನಿಗ್ಸ್‌ಬರ್ಗರ್, 1908ರಲ್ಲಿ ಬರ್ಲಿನ್‌ನಲ್ಲಿ ಹುಟ್ಟಿದ ವಾಸ್ತುಶಿಲ್ಪಿ. ಹಿಟ್ಲರ್ ಅಧಿಕಾರಕ್ಕೆ ಬಂದ ಮೇಲೆ ಜರ್ಮನಿ ಬಿಟ್ಟು, ಕೆಲವು ವರ್ಷ ಈಜಿಪ್ಟಿನಲ್ಲಿದ್ದು, 1939ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದರು. ಆಗ ದಿವಾನರು ಮಿರ್ಜಾ ಇಸ್ಮಾಯಿಲ್. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಹಲವು ಕಟ್ಟಡಗಳು ಅವರ ವಿನ್ಯಾಸ.

ಕೋನಿಗ್ಸ್‌ಬರ್ಗರ್ ಕಟ್ಟಿದ್ದು ಹೊಸ ಬಗೆಯ ಕಟ್ಟಡಗಳನ್ನೇ. ಆದರೆ ಯುರೋಪಿನ ಕಟ್ಟಡವನ್ನು ಹಾಗೆಯೇ ತಂದು ಇಲ್ಲಿ ಇಡಲಿಲ್ಲ. ಬಿಸಿಲು ಯಾವ ಕಡೆ ಬೀಳುತ್ತದೆ, ಗಾಳಿ ಎಲ್ಲಿಂದ ಬರುತ್ತದೆ ಎಂದು ನೋಡಿ ಕಟ್ಟಬೇಕು ಎಂಬುದು ಅವರ ಪಾಠ. ಸಂಗಡಿಗರೊಂದಿಗೆ ಅವರು ಬರೆದ ಉಷ್ಣವಲಯದ ಮನೆಗಳ ಕೈಪಿಡಿಯನ್ನು ವಾಸ್ತುಶಿಲ್ಪದ ವಿದ್ಯಾರ್ಥಿಗಳು ಈಗಲೂ ಓದುತ್ತಾರೆ. ದಪ್ಪ ಗೋಡೆ ಹಗಲಿನ ಬಿಸಿಯನ್ನು ತಡೆದು ಗಂಟೆಗಳ ನಂತರ ಒಳಗೆ ಬಿಡುತ್ತದೆ ಎಂಬುದನ್ನು ಅಲ್ಲಿ ಲೆಕ್ಕ ಸಮೇತ ವಿವರಿಸಿದ್ದಾರೆ. ನಮ್ಮ ಅಜ್ಜಿಯರಿಗೆ ಲೆಕ್ಕ ಬರುತ್ತಿರಲಿಲ್ಲ. ಆದರೆ ಏಪ್ರಿಲ್ ಮಧ್ಯಾಹ್ನ ಎಲ್ಲಿ ಮಲಗಬೇಕು ಎಂದು ಗೊತ್ತಿತ್ತು.

ಅಜ್ಜಿಗಿಂತ ಚೆನ್ನಾಗಿ ಬಲ್ಲದ್ದು ರೇಷ್ಮೆಹುಳು. ಅದಕ್ಕೆ ಬೇಕಾದ ಬಿಸಿ ಸುಮಾರು 24ರಿಂದ 28 ಡಿಗ್ರಿ, ಜೊತೆಗೆ ಒಳ್ಳೆಯ ತೇವ, ಗಾಳಿ. ಶಿಡ್ಲಘಟ್ಟ, ಚಿಂತಾಮಣಿ ಕಡೆ ಹಳೆ ಮಣ್ಣಿನ ಮನೆಯೊಳಗೇ ಹುಳು ಸಾಕಿ ಬೆಳೆ ತೆಗೆದ ಕುಟುಂಬಗಳು ಎಷ್ಟೋ. ಶೀಟು ಹೊದಿಸಿದ ಮನೆಯಲ್ಲಿ ಬೇಸಿಗೆ ಬಂತೆಂದರೆ ಸೂರಿನ ಮೇಲೆ ತೆಂಗಿನ ಗರಿ, ಕಿಟಕಿಗೆ ಒದ್ದೆ ಗೋಣಿಚೀಲ. ಹುಳು ಸುಮ್ಮನೆ ಸಹಿಸಿಕೊಳ್ಳುವುದಿಲ್ಲ, ಮೇವು ಬಿಡುತ್ತದೆ. ನಷ್ಟ ನೇರವಾಗಿ ಗೂಡಿನ ತೂಕದಲ್ಲಿ ಕಾಣುತ್ತದೆ.

ಇಷ್ಟಾದರೂ ಸರ್ಕಾರಿ ಕಾಗದದಲ್ಲಿ ಮಣ್ಣಿನ ಗೋಡೆಯ ಮನೆಗೆ ಇರುವ ಹೆಸರು ‘ಕಚ್ಚಾ’. 2016ರಲ್ಲಿ ಶುರುವಾದ ಗ್ರಾಮೀಣ ಆವಾಸ್ ಯೋಜನೆ ಬಯಲುಸೀಮೆಯಲ್ಲಿ 1.20 ಲಕ್ಷ ರೂಪಾಯಿ ಕೊಡುವುದು ಕಚ್ಚಾ ಮನೆಯವರಿಗೆ ಪಕ್ಕಾ ಮನೆ ಕಟ್ಟಿಕೊಳ್ಳಲು. ತಪ್ಪೇನಿಲ್ಲ. ಗೆದ್ದಲು, ಸೋರುವ ಮಾಳಿಗೆ, ಮಳೆಗಾಲದಲ್ಲಿ ಕುಸಿಯುವ ಗೋಡೆ, ಹೆಣ್ಣುಮಕ್ಕಳ ತಲೆಗೇ ಬೀಳುವ ಸಾರಿಸುವ ಕೆಲಸ, ಇವನ್ನೆಲ್ಲ ಅನುಭವಿಸಿದವರಿಗೆ ಹಳೆ ಮನೆಯ ಹಾಡು ಹಾಡಿ ಪ್ರಯೋಜನವಿಲ್ಲ. ಆದರೆ ಸೋರುವುದು, ಕುಸಿಯುವುದು ಮಾತ್ರ ಕಚ್ಚಾ. ದಪ್ಪ ಗೋಡೆಯ ತಂಪು ಕಚ್ಚಾ ಅಲ್ಲ.

ಎರಡನ್ನೂ ಬೇರೆ ಮಾಡುವ ದಾರಿಯೂ ಇದೆ. ಅದೇ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನ ವಿಭಾಗ ಮಣ್ಣಿನ ಇಟ್ಟಿಗೆಯ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿತು. ಮಣ್ಣಿಗೆ ಸ್ವಲ್ಪ ಸಿಮೆಂಟ್ ಬೆರೆಸಿ, ಕೈಯಂತ್ರದಲ್ಲಿ ಒತ್ತಿ, ನೀರುಣಿಸಿ ಗಟ್ಟಿ ಮಾಡಿದ ಇಟ್ಟಿಗೆ ಅದು. ಸುಡಲು ಸೌದೆ ಬೇಡ, ಮಳೆಗೂ ತಡೆಯುತ್ತದೆ. ಗೋಡೆಗೆ ಅದು, ಸೂರಿಗೆ ನಿಮಗೆ ಬೇಕಾದದ್ದು.

ಅಂಬಾಜಿದುರ್ಗದ ಕೋಟೆಯ ಕಥೆ ಗೆಜೆಟಿಯರ್‌ನಲ್ಲಿ ಉಳಿದಿದೆ. ಅದರ ಕೆಳಗಿನ ಊರಿನ ಮನೆಗಳ ಕಥೆ ಬರೆಯಲು ಇನ್ನೊಬ್ಬ ಬುಕಾನನ್ ಬರುವುದಿಲ್ಲ. ಮನೆ ಕೆಡವುವ ಮುಂಚೆ ಒಂದು ದಿನ ಬಿಡುವು ಮಾಡಿಕೊಳ್ಳಿ. ಗೋಡೆಯ ದಪ್ಪ ಅಳೆಯಿರಿ, ತೊಲೆ ಯಾವ ಮರದ್ದು, ಮಣ್ಣು ಯಾವ ಕೆರೆಯದು, ಚಪ್ಪಡಿ ಯಾವ ಬಂಡೆಯದು ಎಂದು ಮನೆಯ ಹಿರಿಯರನ್ನು ಕೇಳಿ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ. ನಾಲ್ಕೂ ಕಡೆಯಿಂದ ಫೋಟೊ ತೆಗೆಯಿರಿ. ಹೊಸ ಮನೆಯ ಪ್ಲಾನು ಹಾಕಿಸುವಾಗ ಅವನ್ನು ಮೇಸ್ತ್ರಿಗೂ ತೋರಿಸಿ.