ಎಣಿಸಿದರು, ಓದಲಿಲ್ಲ

ಒಂದು ಆಸ್ಪತ್ರೆ ಚೆನ್ನಾಗಿದೆಯೋ ಇಲ್ಲವೋ ಅಂತ ತಿಳಿಯೋದು ಹೇಗೆ? ಸಾವಿನ ಲೆಕ್ಕ ನೋಡಬೇಕೋ, ಖರ್ಚಿನ ಲೆಕ್ಕ ನೋಡಬೇಕೋ, ಇಲ್ಲಾ ರೋಗಿಗಳ ಮನೆಯವರು ಬರೆದ ದೂರುಗಳನ್ನು ಓದಬೇಕೋ? ಈ ಪ್ರಶ್ನೆ ಬಂದಾಗಲೆಲ್ಲ ನನಗೆ ನೆನಪಾಗೋದು ಇಂಗ್ಲೆಂಡಿನ ಸ್ಟಾಫರ್ಡ್ ಆಸ್ಪತ್ರೆ.

ಅದನ್ನು ನಡೆಸುತ್ತಿದ್ದದ್ದು ಅಲ್ಲಿನ ಸರ್ಕಾರಿ ಆರೋಗ್ಯ ವ್ಯವಸ್ಥೆಯಾದ ಎನ್‌ಎಚ್‌ಎಸ್‌ನ ಮಿಡ್ ಸ್ಟಾಫರ್ಡ್‌ಶೈರ್ ಟ್ರಸ್ಟ್. 2006-07ರಲ್ಲಿ ಒಂದು ಕೋಟಿ ಪೌಂಡ್ ಉಳಿಸಲು ಹೊರಟ ಟ್ರಸ್ಟ್ 150ಕ್ಕೂ ಹೆಚ್ಚು ಹುದ್ದೆಗಳನ್ನು ಕಡಿತ ಮಾಡಿತು. ಮೊದಲೇ ನರ್ಸುಗಳು ಕಡಿಮೆ... ಕರೆದರೆ ಬರುವವರಿಲ್ಲ. ವಯಸ್ಸಾದವರು ಹೊಲಸಾದ ಹಾಸಿಗೆಯಲ್ಲೇ ಬಿದ್ದಿರಬೇಕು, ಊಟ-ನೀರು ಕೈಗೆಟುಕದ ಕಡೆ ಇರುತ್ತಿತ್ತು. ಮನೆಯವರು ದೂರು ಬರೆದರು. ಸರಿಪಡಿಸುತ್ತೇವೆ ಅನ್ನೋ ಉತ್ತರವೂ ಬಂತು. ಆಮೇಲೆ ಅದೇ ದೂರು ಮತ್ತೆ!

ಆಡಳಿತ ಮಂಡಳಿಯ ಮೇಜಿಗೆ ಹೋಗುತ್ತಿದ್ದದ್ದು ದೂರುಗಳ ಸಂಖ್ಯೆ ಮತ್ತು ವಿಂಗಡಣೆ, ಪತ್ರಗಳಲ್ಲ. 2007ರಲ್ಲಿ ಸಾವಿನ ಪ್ರಮಾಣ ನಿರೀಕ್ಷೆಗಿಂತ ಹೆಚ್ಚಿದೆ ಎಂಬ ಅಂಕಿ ಬಂದಾಗಲೂ ಅದು ದಾಖಲೆ ಬರೆಯುವುದರಲ್ಲಿನ ತಪ್ಪು ಅಂದುಕೊಂಡರು. 2008ರ ಫೆಬ್ರವರಿಯಲ್ಲಿ ಅದೇ ಟ್ರಸ್ಟಿಗೆ ಹೆಚ್ಚಿನ ಸ್ವಾಯತ್ತತೆಯ 'ಫೌಂಡೇಶನ್' ಪದವಿಯೂ ಸಿಕ್ಕಿತು, ನೋಡಿ!

ಸುಮ್ಮನೆ ಕೂರದವರು ಜೂಲಿ ಬೇಯ್ಲಿ. 2007ರ ನವೆಂಬರ್‌ನಲ್ಲಿ ಅವರ ತಾಯಿ ಅಲ್ಲೇ ತೀರಿಕೊಂಡಿದ್ದರು. ತಮ್ಮಂತೆ ನೊಂದವರನ್ನು ಸೇರಿಸಿ ಅವರು 'ಕ್ಯೂರ್ ದಿ ಎನ್‌ಎಚ್‌ಎಸ್' ಅನ್ನೋ ಗುಂಪು ಕಟ್ಟಿದರು. ಹೆಲ್ತ್‌ಕೇರ್ ಕಮಿಷನ್ ತನಿಖೆ ಮಾಡಿ 2009ರ ಮಾರ್ಚ್‌ನಲ್ಲಿ ಕಟುವಾದ ವರದಿ ಕೊಟ್ಟಿತು. ರಾಬರ್ಟ್ ಫ್ರಾನ್ಸಿಸ್ 2010ರಲ್ಲೊಂದು, 2013ರಲ್ಲೊಂದು ವಿಚಾರಣಾ ವರದಿ ಬರೆದರು. ಎರಡನೆಯದರಲ್ಲಿ 290 ಶಿಫಾರಸುಗಳು. ಚಿಕಿತ್ಸೆಯಲ್ಲಿ ಗಂಭೀರ ಹಾನಿಯಾದರೆ ರೋಗಿಗೆ ಮುಚ್ಚುಮರೆಯಿಲ್ಲದೆ ತಿಳಿಸಬೇಕೆಂಬುದು 2014ರಲ್ಲಿ ಎನ್‌ಎಚ್‌ಎಸ್ ಸಂಸ್ಥೆಗಳಿಗೆ ಕಾನೂನೇ ಆಯಿತು. ಆ ವರ್ಷವೇ ಆಸ್ಪತ್ರೆ ಬೇರೆ ಟ್ರಸ್ಟಿನ ಕೈಗೆ ಹೋಗಿ, ಹೆಸರೂ ಬದಲಾಯಿತು.

ಅಲ್ಲಿ ಇಷ್ಟು ಜನ ಅನ್ಯಾಯವಾಗಿ ಸತ್ತರು ಅಂತ ಪತ್ರಿಕೆಗಳಲ್ಲಿ ಓಡಾಡಿದ ಅಂಕಿಯ ಬಗ್ಗೆ ಇನ್ನೂ ಜಗಳವಿದೆ. ಒದ್ದೆ ಹಾಸಿಗೆಯ ಬಗ್ಗೆ ಮಾತ್ರ ಜಗಳವಿಲ್ಲ. ಅದನ್ನು ಯಾವ ಅಂಕಿಯೂ ಹೇಳುತ್ತಿರಲಿಲ್ಲ, ಮಗಳೋ ಮಗನೋ ಬರೆದ ಕಾಗದ ಹೇಳುತ್ತಿತ್ತು.

ಹಾಗಂತ ದೂರು ಜಾಸ್ತಿ ಇದ್ದರೆ ಕೆಟ್ಟ ಆಸ್ಪತ್ರೆ, ಕಡಿಮೆ ಇದ್ದರೆ ಒಳ್ಳೆಯದು ಅಂತಲ್ಲ. ನಾಳೆ ಮತ್ತೆ ಅದೇ ನರ್ಸಿನ ಕೈಗೆ ಅಮ್ಮನನ್ನು ಒಪ್ಪಿಸಬೇಕಾದವರು ಬಾಯಿ ಬಿಡುವುದು ಕಷ್ಟ. ಅದಕ್ಕೇ ನನಗನ್ನಿಸೋದು, ದೂರುಗಳ ಸಂಖ್ಯೆ ಅಳತೆಗೋಲಲ್ಲ. ಅದೇ ದೂರು ಎರಡನೇ ಸಲ ಬಂತಾ ಅನ್ನೋದೇ ಅಳತೆಗೋಲು.

ನೀವೇನಂತೀರಿ?