ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ

ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನಲ್ಲಿ ಶರಾವತಿಯ ಹಿನ್ನೀರಿಗೆ ಅಡ್ಡಲಾಗಿ ಕಟ್ಟಿರುವ ರಸ್ತೆ ಸೇತುವೆ. ಈಚೆ ದಡದ ಅಂಬಾರಗೋಡ್ಲು, ಆಚೆ ದಡದ ಕಳಸವಳ್ಳಿ ಎರಡೂ ಸಣ್ಣ ಊರುಗಳು. ಜನಬಳಕೆಯಲ್ಲಿ ಇದು ಸಿಗಂದೂರು ಸೇತುವೆ. ಅಧಿಕೃತವಾಗಿ ಸಿಗಂದೂರು ಚೌಡೇಶ್ವರಿ ದೇವಿಯ ಹೆಸರಿಟ್ಟಿದ್ದಾರೆ. ಸೊರಬ, ಶಿಕಾರಿಪುರದ ಕಡೆಯಿಂದ ಸಾಗರದ ಮೇಲೆ ಸಿಗಂದೂರಿಗೆ ಹೋಗುವವರ ದಾರಿಯೂ ಇದೇ.

ಇಲ್ಲಿ ಉದ್ದನೆಯ ಸೇತುವೆ ಬೇಕಾದದ್ದು ಹೊಳೆಯಿಂದಲ್ಲ, ಅಣೆಕಟ್ಟಿನಿಂದ. ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟಿನ ಕಾಲದಲ್ಲೇ ಕಣಿವೆಯಲ್ಲಿ ನೀರು ನಿಲ್ಲತೊಡಗಿತ್ತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಆ ಹಳೆಯ ಕಟ್ಟೆಯೂ ಮುಳುಗಿತು. 1,819 ಅಡಿ ಗರಿಷ್ಠ ಮಟ್ಟದ ಜಲಾಶಯ ಸುಮಾರು 300 ಚದರ ಕಿಲೋಮೀಟರ್ ಹರಡಿಕೊಂಡಿತು. ನಾಡಿಗೆ ವಿದ್ಯುತ್ ಬಂತು. ಮುಳುಗಡೆಯ ಸಂತ್ರಸ್ತರು ಊರು ಬಿಟ್ಟರು. ಬಿಡದೆ ಉಳಿದ ತುಮರಿ, ಬ್ಯಾಕೋಡು ಸುತ್ತಿನ ಕರೂರು–ಬಾರಂಗಿ ಹೋಬಳಿಗಳ ಜನರಿಗೆ ತಾಲ್ಲೂಕು ಕೇಂದ್ರವೇ ದೂರವಾಯಿತು.

ಆಮೇಲಿನ ದಶಕಗಳಲ್ಲಿ ಅವರ ಆಸರೆ ಹೊಳೆಬಾಗಿಲು ಕಡವಿನ ಲಾಂಚ್. ಬಸ್ಸು, ಕಾರುಗಳನ್ನೂ ಹೊತ್ತು ದಾಟುತ್ತಿದ್ದ ಅದು ಸಂಜೆಯಾದರೆ ನಿಲ್ಲುತ್ತಿತ್ತು. ರಾತ್ರಿ ಕಾಯಿಲೆ ಉಲ್ಬಣಿಸಿದರೆ ಕಾರ್ಗಲ್ ಕಡೆಯ ಸುತ್ತುದಾರಿ ಹಿಡಿಯಬೇಕಿತ್ತು. ಬೇಸಿಗೆಯಲ್ಲಿ ನೀರು ತೀರ ಇಳಿದರೆ ವಾಹನ ಹತ್ತಿಸುವುದನ್ನೇ ನಿಲ್ಲಿಸುತ್ತಿದ್ದರು, 2023ರಲ್ಲೂ ಹಾಗಾಯಿತು. ಸಿಗಂದೂರಿನ ಸಂಕ್ರಾಂತಿ ಜಾತ್ರೆಗೆ ಬರುತ್ತಿದ್ದ ಯಾತ್ರಿಕರಿಗೆ ಲಾಂಚ್ ಪ್ರಯಾಣ ಒಂದು ಸೊಗಸಾಗಿತ್ತು; ದಿನವೂ ದಾಟಬೇಕಾದ ವಿದ್ಯಾರ್ಥಿಗಳು, ರೈತರು ಅದನ್ನು ಹಾಗೆ ಕಾಣಲಿಲ್ಲ.

ಸೇತುವೆಯ ಬೇಡಿಕೆ ಹಳೆಯದು. ಸಾಗರ–ಮರಕುಟಿಕ ರಸ್ತೆ ರಾಷ್ಟ್ರೀಯ ಹೆದ್ದಾರಿ 369ಇ ಆದ ಮೇಲೆ ಕೇಂದ್ರದ ಹಣಕ್ಕೆ ದಾರಿಯಾಯಿತು. ಶಿಕಾರಿಪುರದ ಬಿ.ಎಸ್. ಯಡಿಯೂರಪ್ಪ ಶಿವಮೊಗ್ಗದ ಸಂಸದರಾಗಿದ್ದಾಗ, 2018ರ ಫೆಬ್ರವರಿಯಲ್ಲಿ, ಕೇಂದ್ರ ಸಚಿವ ನಿತಿನ್ ಗಡ್ಕರಿ ಶಂಕುಸ್ಥಾಪನೆ ಮಾಡಿದರು. ಕಾಮಗಾರಿ ಶುರುವಾದದ್ದು 2019ರ ಕೊನೆಗೆ. ಗುತ್ತಿಗೆ ದಿಲೀಪ್ ಬಿಲ್ಡ್‌ಕಾನ್ ಸಂಸ್ಥೆಯದು.

ಸೇತುವೆಯ ಉದ್ದ ಸುಮಾರು 2.4 ಕಿಲೋಮೀಟರ್, ಅಗಲ 16 ಮೀಟರ್, ವೆಚ್ಚ ಸುಮಾರು 470 ಕೋಟಿ ರೂಪಾಯಿ. ನೀರು ಆಳವಾಗಿರುವ ನಡುಭಾಗದ 740 ಮೀಟರ್‌ನಷ್ಟನ್ನು ಕೇಬಲ್‌ಗಳು ಹಿಡಿದಿವೆ. ಇಲ್ಲಿನ ಗೋಪುರಗಳು ಗಿಡ್ಡ. ಭಾರದ ಒಂದು ಪಾಲನ್ನಷ್ಟೇ ಕೇಬಲ್ ಹೊರುತ್ತದೆ, ಉಳಿದದ್ದನ್ನು ಕಾಂಕ್ರೀಟ್ ತೊಲೆಯೇ ಹೊರುತ್ತದೆ. ಎಂಜಿನಿಯರುಗಳು ಇದನ್ನು ಎಕ್ಸ್‌ಟ್ರಾಡೋಸ್ಡ್ ಮಾದರಿ ಎನ್ನುತ್ತಾರೆ. ಕಂಬದ ಎರಡೂ ಬದಿಗೆ ತೂಕ ಸಮವಾಗುವಂತೆ ತುಂಡುತುಂಡಾಗಿ ತೊಲೆಯನ್ನು ಚಾಚುತ್ತ ಹೋದದ್ದರಿಂದ ಆಳದ ನೀರಿನಲ್ಲಿ ಆಧಾರದ ಅಟ್ಟಣಿಗೆ ಕಟ್ಟುವ ತೊಂದರೆ ತಪ್ಪಿತು. ಗುಜರಾತಿನ ಸುದರ್ಶನ ಸೇತುವೆಯ ನಂತರ ದೇಶದ ಎರಡನೆಯ ಅತಿ ಉದ್ದದ ಕೇಬಲ್ ಸೇತುವೆ ಇದೆಂಬ ಮಾತು ಪ್ರಚಾರದಲ್ಲಿದೆ. ಅದು ಅಳೆಯುವ ಬಗೆಯನ್ನು ಅವಲಂಬಿಸಿದ್ದು: ಕೋಲ್ಕತ್ತದ ವಿದ್ಯಾಸಾಗರ ಸೇತುವೆಯಲ್ಲಿ ಗೋಪುರದಿಂದ ಗೋಪುರಕ್ಕೇ 457 ಮೀಟರ್ ಅಂತರವಿದೆ.

2025ರ ಜುಲೈ 14ರಂದು ಗಡ್ಕರಿಯವರೇ ಸೇತುವೆಯನ್ನು ಉದ್ಘಾಟಿಸಿದರು. ಆಹ್ವಾನದ ವಿಚಾರದಲ್ಲಿ ಆಕ್ಷೇಪವೆತ್ತಿದ ಮುಖ್ಯಮಂತ್ರಿ ಸಿದ್ದರಾಮಯ್ಯ ಸಮಾರಂಭಕ್ಕೆ ಹೋಗಲಿಲ್ಲ. ಸಾಗರದಿಂದ ಸಿಗಂದೂರಿನ ಮೇಲೆ ಕೊಲ್ಲೂರಿಗೆ ಹೋಗುವ ಹಾದಿ ಇದರಿಂದ ಹತ್ತಿರವಾಗಿದೆ. ಇದೇ ಹಿನ್ನೀರಿನಲ್ಲಿ ಲಾಂಚ್ ಓಡುತ್ತಿದ್ದ ಮತ್ತೊಂದು ಕಡವು ಹಸಿರುಮಕ್ಕಿ; ಅಲ್ಲಿಗೂ ಪ್ರತ್ಯೇಕ ಸೇತುವೆಯ ಕಾಮಗಾರಿಯನ್ನು ಕೈಗೆತ್ತಿಕೊಳ್ಳಲಾಯಿತು.